ಗಾಳಿಮನೆ ಅಣ್ಣನ ಬಲಗಿವಿ

ಅವರ ಬಲಗಿವಿಯಲ್ಲಿ ಸದಾ ಒಂದು ಉಂಡೆ ಹತ್ತಿ ಇರುತ್ತಿತ್ತು. ಎಣ್ಣೆಗೈಯಲ್ಲಿ ಮುಟ್ಟಿ ಮುಟ್ಟಿ ಕಪ್ಪಗಾದ, ಗೋಲಿಯಷ್ಟು ದಪ್ಪದ ಉಂಡೆ. ಎಡಗಿವಿ ಖಾಲಿ. ಕೆಟ್ಟ ಕಿವಿಗೆ ಹತ್ತಿ ಇಟ್ಟುಕೊಳ್ಳುವವರನ್ನು ನಾನು ನೋಡಿದ್ದೆ. ಇವರು ಕೆಟ್ಟದ್ದನ್ನು ಹಾಗೇ ಬಿಟ್ಟು ಒಳ್ಳೆಯದಕ್ಕೆ ಹತ್ತಿ ತುರುಕಿಕೊಂಡಿದ್ದರು. ಯಾಕಣ್ಣ ಅಂತ ಕೇಳಿದ್ದಕ್ಕೆ, "ಎಡಗಡೇದು ಬಟ್ಟೆ ಮಿಲ್ಲಿಗೆ ಕೊಟ್ಬಿಟ್ಟೆ ಕಣಮ್ಮ, ಇಪ್ಪತ್ತು ವರ್ಷ ಮಗ್ಗದ ಪಕ್ಕ ನಿಂತು. ಇದೊಂದು ಉಳ್ಕೊಂಡಿದೆ. ಬೇಕಾದಾಗ ಮಾತ್ರ ತೆಗೀತೀನಿ," ಅಂದಿದ್ದರು.

ಬೇಕಾದಾಗ ಅಂದರೆ, ಗಾಳಿ ಸೋರುವ ಸದ್ದು ಕೇಳಬೇಕಾದಾಗ. ಮಧ್ಯಾಹ್ನ ಊಟದ ಬೆಲ್ಲು ಹೊಡೆದು ಮೆಷಿನ್ನುಗಳೆಲ್ಲ ನಿಂತ ಮೇಲೆ ಅವರು ಷೆಡ್ಡಿನ ನಡುವೆ ಬಂದು ನಿಂತು, ಎರಡು ಬೆರಳಲ್ಲಿ ಹತ್ತಿ ಕಿತ್ತು ಅಂಗಿ ಜೇಬಿಗೆ ಹಾಕುತ್ತಿದ್ದರು. ಅಣ್ಣ ಹತ್ತಿ ತೆಗೆದರು ಅಂದರೆ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವರೂ ಹಾಗೇ ಕೈ ತಡೆಯಬೇಕು. ಎಲ್ಲೋ ಗೋಡೆಯ ಮೇಲೆ, ಪೈಪಿನ ಸಂದಿಯಲ್ಲಿ, ನಮ್ಮ ಎರಡೆರಡು ಒಳ್ಳೆ ಕಿವಿಗಳಿಗೆ ಕೇಳದ್ದು ಅವರ ಒಂದು ಕಿವಿಗೆ ಕೇಳುತ್ತಿತ್ತು.

ನನಗೆ ಬರೆಯುವ ಅಭ್ಯಾಸ ಇಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಒತ್ತಕ್ಷರ ಬಂದರೆ ಈಗಲೂ ಒಂದು ಗಳಿಗೆ ನಿಲ್ಲುತ್ತೇನೆ. ಆದರೆ ಈ ವಾರ ನನಗೆ ಸುಮ್ಮನೆ ಕೂರಲು ಆಗುತ್ತಿಲ್ಲ. ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿದೆ. ಬೀದಿಗೆಲ್ಲ ಮೈಸೂರುಪಾಕು ಹಂಚಿದ್ದೇನೆ, ಮರೆತು ಎದುರುಮನೆಗೆ ಎರಡು ಸಲ ಕೊಟ್ಟಿದ್ದೇನೆ. ಎಂಥ ಕೆಲಸ ಅಂತ ಈಗಲೇ ಹೇಳಿಬಿಡಬೇಕು ಅನಿಸುತ್ತಿದೆ. ಆದರೆ ಅದಕ್ಕೆ ಮೊದಲು ನಮ್ಮ ಗಾಳಿಮನೆ ಅಣ್ಣನ ವಿಷಯ ಬರೆಯದಿದ್ದರೆ ಈ ಸಂತೋಷ ನನಗೆ ದಕ್ಕುವುದಿಲ್ಲ.

ಇದು ಪೀಣ್ಯದಲ್ಲಿ ಇನ್ನೂ ಫ್ಯಾಕ್ಟರಿಗಳ ನಡುವೆ ನೀಲಗಿರಿ ತೋಪುಗಳಿದ್ದ ಕಾಲದ ಮಾತು. ದಾಸರಹಳ್ಳಿಯಿಂದ ನಾನು ನಡೆದೇ ಬರುತ್ತಿದ್ದೆ. ನಮ್ಮದು ಸಣ್ಣ ಫ್ಯಾಕ್ಟರಿ, ಗ್ಯಾಸ್ ಒಲೆಗೆ ಬೇಕಾದ ಹಿತ್ತಾಳೆಯ ಚಿಕ್ಕ ಚಿಕ್ಕ ಭಾಗಗಳನ್ನು ಮಾಡುತ್ತಿದ್ದರು. ಷೆಡ್ಡಿನ ಮುಂಭಾಗದಲ್ಲಿ ಗಂಡಸರ ದೊಡ್ಡ ಮೆಷಿನ್ನುಗಳು. ಕಟ್ಟಕಡೆಯಲ್ಲಿ ಹೆಂಗಸರ ಬೆಂಚು. ಎಂಟು ಜನ ಹೆಂಗಸರು ಸಾಲಾಗಿ ಕೂತು ಹಿತ್ತಾಳೆ ತುಂಡಿಗೆ ತೂತು ಕೊರೆಯುತ್ತಿದ್ದರು. ಕಾಲಲ್ಲಿ ಪೆಡಲು ಒತ್ತಿದರೆ ಟುಸ್ ಅಂತ ಗಾಳಿ ಬಂದು, ಇಕ್ಕಳದಂಥ ಒಂದು ಹಿಡಿಕೆ ಆ ತುಂಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ಮೇಲಿಂದ ಡ್ರಿಲ್ಲು ಇಳಿಯುತ್ತಿತ್ತು. ಆ ಗಾಳಿಯೆಲ್ಲ ಬರುತ್ತಿದ್ದದ್ದು ಹಿತ್ತಲಲ್ಲಿ ತಗಡು ಹೊದಿಸಿದ ಒಂದು ಕೋಣೆಯಿಂದ. ಅಲ್ಲಿ ಕಂಪ್ರೆಸರು ಹೊರಗಿನ ಗಾಳಿಯನ್ನು ಎಳೆದು, ಅದುಮಿ ಅದುಮಿ ಆಳೆತ್ತರದ ಟ್ಯಾಂಕಿಗೆ ತುಂಬುತ್ತಿತ್ತು. ಟ್ಯಾಂಕಿನಿಂದ ಪೈಪು ಹೊರಟು ಷೆಡ್ಡಿನ ಗೋಡೆಯುದ್ದಕ್ಕೂ ಹೋಗುತ್ತಿತ್ತು. ನಾವು ಹೆಂಗಸರು ಆ ಕೋಣೆಗೆ ಗಾಳಿಮನೆ ಅಂತ ಹೆಸರಿಟ್ಟಿದ್ದೆವು. ಅದನ್ನು ನೋಡಿಕೊಳ್ಳುತ್ತಿದ್ದವರು ಗಾಳಿಮನೆ ಅಣ್ಣ.

ನಾನು ಬೆಂಚಿನವಳಲ್ಲ, ಕಸ ಗುಡಿಸುವವಳು. ಬೆಂಚಿಗೆ ಒಂಬತ್ತನೇ ಸ್ಟೂಲು ಬಂದರೆ ಅದು ನಿನಗೇ ಅಂತ ಓನರ್ ಹೇಳಿದ್ದರು. ಬೆಂಚಿನ ಹಿರಿಯಳಾದ ಸಾಕಮ್ಮ ಊಟದ ಹೊತ್ತಿನಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೆಡಲು ಒತ್ತುವುದನ್ನು ಹೇಳಿಕೊಡುತ್ತಿದ್ದಳು. ಮನೆಯಲ್ಲಿ ಮೂರು ವರ್ಷದ ಮಗ. ನನ್ನವರಿಗೆ ಮೂಟೆ ಹೊರುವ ಕೆಲಸ, ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಆ ಒಂಬತ್ತನೇ ಸ್ಟೂಲು ನನ್ನ ಕನಸಿನಲ್ಲಿ ಬರುತ್ತಿತ್ತು.

ಬೆಳಿಗ್ಗೆ ಬಂದ ಕೂಡಲೇ ಹೆಂಗಸರೆಲ್ಲ ಊಟದ ಡಬ್ಬಿಗಳನ್ನು ಗಾಳಿಮನೆಗೆ ಒಯ್ಯುತ್ತಿದ್ದರು. ಕಂಪ್ರೆಸರಿನಿಂದ ಹೊರಡುವ ಮೊದಲ ಪೈಪು ಕೈ ಇಟ್ಟರೆ ಸುಡುವಷ್ಟು ಬಿಸಿ. ಅದರ ಮೇಲೆ ಅಣ್ಣ ಒಂದು ತಗಡಿನ ಹಲಗೆ ಕೂರಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಮುದ್ದೆ, ಸಾರು ಎಲ್ಲ ಆಗ ತಾನೇ ಒಲೆಯಿಂದ ಇಳಿಸಿದ ಹಾಗೆ. ಒಂದು ದಿನ ಸಾಕಮ್ಮ, "ಅಣ್ಣ, ನಿಮ್ ಗಾಳಿಮನೆ ಒಲೆ ಸೌದೆ ಇಲ್ದೇನೇ ಉರೀತದೆ ನೋಡ್ರಿ, ಪುಕ್ಕಟೆ!" ಅಂದಳು.

ಅಣ್ಣನಿಗೆ ಪುಕ್ಕಟೆ ಅನ್ನುವ ಮಾತು ಕೇಳಿದರೆ ಆಗುತ್ತಿರಲಿಲ್ಲ.

"ಪುಕ್ಕಟೆ ಅಂದ್ಯಾ? ಇಲ್ಲಿ ಉರೀತಿರೋದು ಕರೆಂಟು ಕಣಮ್ಮ. ಹತ್ತು ಸೇರು ರಾಗಿ ಮಿಲ್ಲಿಗೆ ಹೊತ್ಕೊಂಡು ಹೋಗಿ, ಒಂದು ಸೇರು ಹಿಟ್ಟು ಮನೆಗೆ ತಂದ್ರೆ ನಿಮ್ಮತ್ತೆ ಏನಂತಾಳೆ?"

"ಮಿಲ್ಲಿನವನ ಜುಟ್ಟು ಹಿಡೀತಾಳೆ."

"ಇಲ್ಲೂ ಅಂಗೇ. ನಾನು ಹತ್ತು ಸೇರು ಕರೆಂಟು ಹಾಕ್ತೀನಿ. ಒಂದು ಸೇರು ಗಾಳಿಯಾಗಿ ನಿಮ್ ಬೆಂಚಿಗೆ ಬರ್ತದೆ. ಮಿಕ್ಕಿದ್ದು ಬಿಸಿ, ಸದ್ದು. ನಿನ್ ಸಾರು ಕುದಿಸಿದ್ದು ಆ ಒಂಬತ್ತು ಸೇರೇ."

"ಅಂಗಾದ್ರೆ ಮುದ್ದೇನೂ ಇಲ್ಲೇ ಮಾಡ್ಬಿಡಾನ ಬಿಡಣ್ಣ, ಒಂಬತ್ತು ಸೇರೂ ವಸೂಲಿ," ಅಂದಳು ಸಾಕಮ್ಮ. ಅಣ್ಣ ನಕ್ಕು, ಅವಳ ಡಬ್ಬಿಯನ್ನು ಎಲ್ಲಕ್ಕಿಂತ ಬಿಸಿ ಇರುವ ಕಡೆ ಸರಿಸಿದರು.

ಈ ರಾಗಿಯ ಮಾತನ್ನು ಅವರು ಎಲ್ಲರಿಗೂ ಹೇಳುತ್ತಿದ್ದರು. ಸೆಕೆಗೆ ಪೈಪು ತಿರುಗಿಸಿಕೊಂಡು ಅಂಗಿಯೊಳಗೆ ಗಾಳಿ ಬಿಟ್ಟುಕೊಳ್ಳುವ ಗಂಡಸರಿಗೆ, "ಬೀಸಣಿಗೆ ತಗೊಳಯ್ಯಾ, ಇದು ಬೆಳ್ಳಿ ಲೋಟದಲ್ಲಿ ಕಾಲು ತೊಳ್ದಂಗೆ," ಅನ್ನುತ್ತಿದ್ದರು. ಅವರು ಆ ಕಡೆ ಹೋದ ಮೇಲೆ ಗಂಡಸರು ನಗುತ್ತಿದ್ದರು. ಗಾಳಿಗೂ ಲೆಕ್ಕ ಇಡುವ ಮನುಷ್ಯ ಅಂತ. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಒಂದು ಸಂಜೆ ನನ್ನವರು ನನ್ನನ್ನು ಕರೆದುಕೊಂಡು ಹೋಗಲು ಸೈಕಲ್ಲಿನಲ್ಲಿ ಬಂದಿದ್ದರು. ಹಿಂದಿನ ಚಕ್ರದಲ್ಲಿ ಗಾಳಿ ಇರಲಿಲ್ಲ. ನಮ್ಮ ಫ್ಯಾಕ್ಟರಿಯಲ್ಲಿ ಗಾಳಿಗೇನು ಬರ ಅಂತ ನಾನು ದೊಡ್ಡಸ್ತಿಕೆಯಿಂದ ಗಂಡನನ್ನು ಗಾಳಿಮನೆಗೆ ಕರೆದುಕೊಂಡು ಹೋದೆ. ಅಣ್ಣ ಟ್ಯಾಂಕಿನ ಕಡೆ ಕೈಯನ್ನೂ ಚಾಚಲಿಲ್ಲ. ಮೂಲೆಯಿಂದ ಒಂದು ಕೈಪಂಪು ತಂದು, ಅದನ್ನು ನನ್ನವರಿಗಲ್ಲ, ನನಗೆ ಕೊಟ್ಟರು.

"ನೀನೇ ಹೊಡಿ."

ನನ್ನವರು ಗೋಡೆಗೆ ಒರಗಿ ನಗುತ್ತಾ ನಿಂತರು. ನಾನು ಸೆರಗು ಸಿಕ್ಕಿಸಿಕೊಂಡು ಹೊಡೆದೆ. ಮೂವತ್ತು, ನಲವತ್ತು. ರಟ್ಟೆ ನೋಯಿತು, ಉಸಿರು ಮೇಲಕ್ಕೆ ಬಂತು. ಚಕ್ರ ಗಟ್ಟಿಯಾದ ಮೇಲೆ ಅಣ್ಣ, "ಈಗ ಪಂಪಿನ ಬುಡ ಮುಟ್ಟು," ಅಂದರು. ಮುಟ್ಟಿದೆ. ಸುಡುತ್ತಿತ್ತು.

"ನೀನು ತಿಂದ ಮುದ್ದೇಲಿ ಅರ್ಧ ಇಲ್ಲಿದೆ. ಚಕ್ರಕ್ಕೆ ಹೋಗ್ಲಿಲ್ಲ ಅದು. ಒಂದು ಸೈಕಲ್ ಚಕ್ರಕ್ಕೆ ಇಷ್ಟು. ಷೆಡ್ಡಿಗೆ ಎಷ್ಟು ಬೇಕು ಲೆಕ್ಕ ಹಾಕು."

ನನಗೆ ಅವಮಾನವಾಗಿತ್ತು. ದಾರಿಯುದ್ದಕ್ಕೂ, "ಎರಡು ನಿಮಿಷದ ಗಾಳಿಗೆ ಇಷ್ಟು ಜಿಪುಣತನವಾ," ಅಂತ ಗೊಣಗಿದೆ. ನನ್ನವರು ಮಾತ್ರ, "ಗಟ್ಟಿಗಿತ್ತಿ ಕಣೆ ನೀನು, ನಾಳೆಯಿಂದ ನೀನೇ ಹೊಡಿ," ಅಂದು ರೇಗಿಸಿದರು. ಪಂಪಿನ ಬಿಸಿ ನನ್ನ ಬೆರಳಿನಲ್ಲಿ ಉಳಿಯಿತು, ಬುದ್ಧಿಗೆ ಹೋಗಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಕರೆಂಟಿಗೆ ಬಹಳ ಕಷ್ಟ ಬಂತು. ಪ್ರತಿ ಫ್ಯಾಕ್ಟರಿಗೂ ಇಷ್ಟೇ ಕರೆಂಟು ಅಂತ ಕಟ್ಟು ಹಾಕಿದರು. ಅದೇ ಸಮಯಕ್ಕೆ ನಮ್ಮ ಬೆಂಚಿನಲ್ಲಿ ಗಾಳಿ ಸಾಲದೆ ಹೋಗತೊಡಗಿತು. ಪೈಪಿನ ಕಟ್ಟಕಡೆಗೆ ಇದ್ದವರು ನಾವು. ಮುಂದಿನ ಮೆಷಿನ್ನುಗಳು ಕುಡಿದು ಬಿಟ್ಟದ್ದು ನಮಗೆ. ಸಂಜೆಯ ಹೊತ್ತಿಗೆ ಹಿಡಿಕೆ ಸಡಿಲವಾಗಿ, ಹಿತ್ತಾಳೆ ತುಂಡು ಡ್ರಿಲ್ಲಿನ ಜೊತೆ ಗಿರ್ರನೆ ತಿರುಗಿ ಹಾರುತ್ತಿತ್ತು. ಕೆಟ್ಟ ಮಾಲು ರಾಶಿ ಬಿತ್ತು.

ಓನರ್ ಒಂದು ಬೆಳಿಗ್ಗೆ ಬೆಂಚಿನ ಹತ್ತಿರ ಬಂದು ನಿಂತರು. ಕೆಟ್ಟವರಲ್ಲ, ಬೈಯುವವರೂ ಅಲ್ಲ. ಅದಕ್ಕೇ ಅವರ ಮಾತು ಕೇಳಿ ಎಲ್ಲರೂ ಪೆಡಲಿನಿಂದ ಕಾಲು ತೆಗೆದರು.

"ನೋಡ್ರಮ್ಮ, ಇನ್ನೊಂದು ಕಂಪ್ರೆಸರ್ ಹಾಕೋಣ ಅಂದ್ರೆ ಕರೆಂಟ್ ಕೊಡಲ್ಲ ಅಂತಾರೆ. ಇರೋ ಗಾಳಿ ಮುಂದಿನ ಮೆಷಿನ್‌ಗೇ ಸಾಲ್ದು. ಈ ಬೆಂಚ್ ಕೆಲಸಾನ ಹೊರಗಡೆ ಕೊಟ್ಬಿಡ್ತೀನಿ. ಈ ತಿಂಗಳು ಮುಗಿಸಿ, ಆಮೇಲೆ ನೋಡೋಣ."

ಆಮೇಲೆ ನೋಡೋಣ ಅಂದರೆ ಏನು ಅಂತ ನಮಗೆ ಗೊತ್ತಿತ್ತು. ಎಂಟು ಮನೆಯ ಒಲೆ. ನನ್ನ ಒಂಬತ್ತನೇ ಸ್ಟೂಲು ಹೋಗಲಿ, ಬೆಂಚೇ ಇಲ್ಲದ ಮೇಲೆ ಗುಡಿಸುವವಳೂ ಯಾಕೆ ಬೇಕು? ಆಗ ಹಿಂದಿನಿಂದ ಅಣ್ಣನ ದನಿ ಬಂತು.

"ಸಾರ್, ಗಾಳಿ ಸಾಲ್ತಾ ಇಲ್ವೋ, ಸೋರ್ತಾ ಇದೆಯೋ, ಅದನ್ನ ಮೊದ್ಲು ನೋಡ್ಬೇಕು. ಒಂದು ರಜಾ ದಿನ ಕೊಡಿ ನಂಗೆ. ಒಂದೇ ಒಂದು ಟ್ಯಾಂಕ್ ತುಂಬೋಷ್ಟು ಕರೆಂಟು."

ಓನರ್, "ತಗೊಳ್ಳಿ. ಆದ್ರೆ ತಿಂಗಳು ಮಾತ್ರ ಮುಂದಕ್ಕೆ ಹೋಗಲ್ಲ," ಅಂದರು.

ವಾರದ ರಜೆಯ ದಿನ ಸಾಕಮ್ಮ ಮತ್ತು ನಾನು ಹೋದೆವು. ಸಾಬೂನು ನೀರು ಬೇಕು ಅಂದಿದ್ದರು ಅಣ್ಣ. ಸೋಪಿನ ನೊರೆ ಬೇಗ ಒಡೆಯುತ್ತದೆ, ರೇಷ್ಮೆ ಸೀರೆ ಒಗೆಯುವ ಅಂಟುವಾಳಕಾಯಿ ತರುತ್ತೇನೆ ಅಂತ ನಾನೇ ಹೇಳಿ ಒಂದು ಚೀಲ ತಂದಿದ್ದೆ. ಅಣ್ಣ ಟ್ಯಾಂಕು ತುಂಬಿಸಿ ಕಂಪ್ರೆಸರು ನಿಲ್ಲಿಸಿದರು. ಟ್ಯಾಂಕಿನ ಮೀಟರಿನ ಮುಳ್ಳು ಏಳನೇ ಮನೆಯ ಮೇಲೆ ನಿಂತಿತ್ತು. ಒಂದು ಮೆಷಿನ್ನೂ ಓಡುತ್ತಿರಲಿಲ್ಲ. ಪೆಡಲು ಒತ್ತುವ ಒಂದು ಕಾಲೂ ಇರಲಿಲ್ಲ. ನಾವು ಒಂದು ಹಿಡಿ ಅಂಟುವಾಳ ಕುಟ್ಟಿ, ನೀರಲ್ಲಿ ಕಿವುಚಿ ನೊರೆ ಎಬ್ಬಿಸುವಷ್ಟರಲ್ಲಿ ಮುಳ್ಳು ನಾಲ್ಕಕ್ಕೆ ಬಂದಿತ್ತು.

"ಯಾರೂ ಕೆಲಸ ಮಾಡ್ತಿಲ್ಲ. ಮತ್ತೆ ಮೂರು ಮನೆ ಗಾಳಿ ತಿಂದೋನು ಯಾರು?" ಅಂದರು ಅಣ್ಣ.

ಆಮೇಲೆ ಹತ್ತಿ ತೆಗೆದರು. ಆ ದಿನದಷ್ಟು ಮೌನವಾಗಿ ನಾನು ಫ್ಯಾಕ್ಟರಿಯನ್ನು ನೋಡಿರಲಿಲ್ಲ. ಮೇಲಿನ ಶೀಟು ಬಿಸಿಲಿಗೆ ಚಟ್ ಅನ್ನುವುದೂ ಕೇಳುತ್ತಿತ್ತು. ಅವರು ಬಲಗಿವಿಯನ್ನು ಪೈಪಿಗೆ ಹಿಡಿದು ಅಂಗುಲ ಅಂಗುಲ ಸರಿಯುತ್ತಿದ್ದರು. ನಿಂತ ಕಡೆ ಸಾಕಮ್ಮ ನೊರೆ ಹಚ್ಚುತ್ತಿದ್ದಳು. ಉಗುರಿನಷ್ಟಿದ್ದ ಗುಳ್ಳೆ ನಿಂಬೆಹಣ್ಣಿನಷ್ಟಾಗಿ ಪಟ್ ಅನ್ನುತ್ತಿತ್ತು. ಅಲ್ಲಿ ನಾನು ನನ್ನ ಹಳೇ ಸೀರೆಯ ಕೆಂಪು ಅಂಚು ಹರಿದು ಕಟ್ಟುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಷೆಡ್ಡಿನ ಗೋಡೆಯೆಲ್ಲ ಕೆಂಪು ಚಿಂದಿ. "ಮದುವೆ ಮನೆ ಆದಂಗಾಯ್ತು," ಅಂದಳು ಸಾಕಮ್ಮ. ಅಣ್ಣ ಏಣಿ ಹತ್ತಿ ಒಂದೊಂದನ್ನೇ ಬಿಚ್ಚಿ, ಸೆಣಬಿನ ಎಳೆ ಸುತ್ತಿ, ಬಣ್ಣ ಮೆತ್ತಿ ಬಿಗಿದರು. ಸೀಳಿದ ರಬ್ಬರು ಪೈಪುಗಳನ್ನು ಕತ್ತರಿಸಿ ಕ್ಲಿಪ್ಪು ಹಾಕಿದರು.

ಸಂಜೆ ಮತ್ತೆ ಟ್ಯಾಂಕು ಏಳಕ್ಕೆ ತಂದು ನಿಲ್ಲಿಸಿ, "ಇನ್ನೊಂದು ಹಿಡಿ ಅಂಟುವಾಳ ಕುಟ್ಟಿ," ಅಂದರು.

"ಯಾಕಣ್ಣ, ನೊರೆ ಇನ್ನೂ ಅರ್ಧ ಬಕೆಟ್ ಐತಲ್ಲ?"

"ನೊರೆಗಲ್ಲ. ಬೆಳಿಗ್ಗೆ ಅಷ್ಟು ಹೊತ್ತಿಗೆ ಮೂರು ಮನೆ ಇಳೀತು. ಈಗ ಅಷ್ಟೇ ಹೊತ್ತಿಗೆ ಎಷ್ಟು ಇಳಿಯತ್ತೆ ನೋಡ್ಬೇಕು." ಬೆಲ್ಟಿಗೆ ಸಿಕ್ಕಿಕೊಳ್ಳುತ್ತದೆ ಅಂತ ಅವರು ಕೈಗೆ ಗಡಿಯಾರ ಕಟ್ಟುತ್ತಿರಲಿಲ್ಲ. ನಮ್ಮ ಕುಟ್ಟುವ ಕೈಯೇ ಅವರ ಗಡಿಯಾರ. ಕುಟ್ಟಿದೆವು, ಕಿವುಚಿದೆವು. ಮುಳ್ಳು ಆರೂವರೆಯ ಹತ್ತಿರ ನಿಂತಿತ್ತು. ಸಾಕಮ್ಮ ನೊರೆಗೈಯಲ್ಲೇ ನನ್ನ ಕೆನ್ನೆ ಹಿಂಡಿದಳು.

ಮಾರನೆಯ ದಿನ ಬೆಳಿಗ್ಗೆಯಿಂದ ಬೆಂಚು ಹೂವೆತ್ತಿದಷ್ಟು ಸಲೀಸಾಗಿ ಓಡಿತು. ಮೂರೂವರೆವರೆಗೆ. ಆಮೇಲೆ ಮುಳ್ಳು ಕುಸಿಯಿತು. ನಾಲ್ಕು ಗಂಟೆಗೆ ಸಾಕಮ್ಮನ ಹಿಡಿಕೆ ಸಡಿಲಿ, ತುಂಡು ತಿರುಗಿ ಅವಳ ತೋರುಬೆರಳನ್ನು ಕೊಯ್ದಿತು. ಆಳದ ಗಾಯವಲ್ಲ, ಆದರೆ ಬೆಂಚಿನ ಮೇಲೆ ರಕ್ತ ಬಿತ್ತು. ಓನರ್ ಬಂದು ನೋಡಿ ಅಣ್ಣನಿಗೆ, "ನಿಮ್ಮ ಸಮಾಧಾನಕ್ಕೆ ನೋಡಾಯ್ತಲ್ಲ. ಇನ್ನು ಬಿಡಿ," ಅಂದರು.

ಅಣ್ಣ ಬಿಡಲಿಲ್ಲ. ಮರುದಿನವೂ ಅದೇ ಹೊತ್ತಿಗೆ ಮುಳ್ಳು ಬಿತ್ತು. ಅವರು ಗಾಳಿಮನೆಯಿಂದ ಓಡಿ ಬಂದು ಬೆಂಚಿನವರನ್ನು ಕೇಳಿದರು. "ಬೆಳಿಗ್ಗೆ ಇಲ್ಲದ್ದು ಮೂರೂವರೆಗೆ ಏನು ಶುರುವಾಗತ್ತೆ? ನೆನಪು ಮಾಡ್ಕೊಂಡು ಹೇಳ್ರಮ್ಮ. ಯಾವ ಮೆಷಿನ್ನು? ಯಾರ ಕೆಲಸ?"

"ನಮ್ದು ಬೆಳಿಗ್ಗೆಯಿಂದ ಇದೇ ಕೆಲಸ ಅಣ್ಣ," ಅಂದರು ಅವರು.

ಇದನ್ನು ಕೇಳುತ್ತಾ ನಾನು ಬೆಂಚಿನ ಹಿಂದೆ, ಕೊನೆಯ ಗೋಡೆಯ ಹತ್ತಿರ ನಿಂತಿದ್ದೆ. ನನ್ನ ಕೈಯಲ್ಲಿ ಗಾಳಿಯ ಪೈಪಿತ್ತು.

ಈಗ ಹೇಳಬೇಕು. ಹಿತ್ತಾಳೆ ಪುಡಿ ಮೆಷಿನ್ನಿನ ಕಾಲುಗಳ ಸಂದಿಯಲ್ಲಿ ಕೂತರೆ ಪೊರಕೆಗೆ ಬರುವುದಿಲ್ಲ. ಕೆಲವು ತಿಂಗಳ ಹಿಂದೆ ನಾನೊಂದು ಉಪಾಯ ಕಂಡುಕೊಂಡಿದ್ದೆ. ಕೊನೆಯ ಗೋಡೆಯಲ್ಲಿ ಯಾರೂ ಬಳಸದ ಒಂದು ಗಾಳಿಯ ನಲ್ಲಿ ಇತ್ತು. ಅದಕ್ಕೆ ಉದ್ದನೆಯ ರಬ್ಬರು ಪೈಪು ಸಿಕ್ಕಿಸಿ, ಪೂರ್ತಿ ತಿರುಗಿಸಿ, ಸಂದಿಗೊಂದಿಯ ಪುಡಿಯನ್ನೆಲ್ಲ ಊದಿ ಒಂದು ಮೂಲೆಗೆ ಓಡಿಸುತ್ತಿದ್ದೆ. ಎರಡು ಗಂಟೆಯ ಕೆಲಸ ಮುಕ್ಕಾಲು ಗಂಟೆಗೆ ಮುಗಿಯುತ್ತಿತ್ತು. ಎಷ್ಟು ಚೊಕ್ಕ ಅಂತ ಓನರ್ ಕೂಡ ಹೊಗಳಿದ್ದರು. ರಜೆಯ ದಿನ ಸೂಜಿಮೊನೆಯಂಥ ತೂತುಗಳಿಗೆ ಚಿಂದಿ ಕಟ್ಟುತ್ತಾ ಗೋಡೆಯುದ್ದಕ್ಕೂ ನಡೆದವಳು ನಾನು. ಆ ನಲ್ಲಿಯ ಮುಂದೆಯೂ ನಡೆದಿದ್ದೆ. ಅದು ಮುಚ್ಚಿತ್ತು, ನೊರೆ ಹಚ್ಚಿದರೂ ಗುಳ್ಳೆ ಬರಲಿಲ್ಲ. ಅದನ್ನು ದಿನಾ ತೆಗೆಯುವವಳು ನಾನೇ ಅನ್ನುವುದು ನನ್ನ ತಲೆಗೇ ಬಂದಿರಲಿಲ್ಲ. ಸೋರಿಕೆ ಅಂದರೆ ಪೈಪಿನ ತಪ್ಪು, ನನ್ನದು ಕೆಲಸ ಅಂದುಕೊಂಡಿದ್ದೆ.

ಆ ಕ್ಷಣ ಕೈಪಂಪಿನ ಬಿಸಿ ನನ್ನ ಬೆರಳಿಗೆ ನೆನಪಾಯಿತು. ಒಂದು ಸೈಕಲ್ ಚಕ್ರಕ್ಕೆ ನಲವತ್ತು ಸಲ. ಈ ಪೈಪಿನ ಬಾಯಿಯಿಂದ ಒಂದು ಚಕ್ರದ ಗಾಳಿ ಎಣಿಸುವ ಮೊದಲೇ ಹೋಗುತ್ತದೆ. ಮುಕ್ಕಾಲು ಗಂಟೆಗೆ ಎಷ್ಟು ಚಕ್ರ, ಎಷ್ಟು ರಟ್ಟೆ? ಸಾಕಮ್ಮ ಬಟ್ಟೆ ಸುತ್ತಿದ ಬೆರಳನ್ನು ಮೇಲಕ್ಕೆ ಹಿಡಿದುಕೊಂಡು ಕೂತಿದ್ದಳು. ನಾನು ನಲ್ಲಿ ಮುಚ್ಚಿದೆ.

ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಎಂಟು ಜನರದ್ದು ಹೋಗುತ್ತದೆ. ಸುಮ್ಮನೆ ನಾಳೆಯಿಂದ ಪೊರಕೆ ಹಿಡಿದರಾಯಿತು, ಯಾರಿಗೂ ತಿಳಿಯುವುದಿಲ್ಲ ಅಂತಲೂ ಮನಸ್ಸು ಹೇಳಿತು. ಆದರೆ ಆ ಮನುಷ್ಯ ಏಣಿ ಎತ್ತಿಕೊಂಡು ಮತ್ತೆ ಗೋಡೆ ಹುಡುಕಲು ಹೊರಟಿದ್ದನ್ನು ನೋಡಿದೆ. ಅವರ ಹಿಂದೆಯೇ ಗಾಳಿಮನೆಯ ಬಾಗಿಲವರೆಗೆ ಹೋಗಿ ಕೂಗಿದೆ.

"ಅಣ್ಣ! ನಾನೇ ಅಣ್ಣ!"

ಅವರು ಏಣಿ ಇಳಿಸಿ, ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡರು. ಕಂಪ್ರೆಸರು ಅಷ್ಟು ಹತ್ತಿರದಲ್ಲಿ ಬಡಿದುಕೊಳ್ಳುತ್ತಿರುವಾಗ ಆ ಕಿವಿಯನ್ನು ಅವರು ತೆರೆದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

"ಹೇಳು."

ಹೇಳಿದೆ. ಅಳುತ್ತಾ ಹೇಳಿದೆ. ಪೈಪನ್ನೂ ತೋರಿಸಿದೆ. ಅವರು ಅದರ ಬಾಯಿಗೆ ಹೆಬ್ಬೆರಳು ಇಟ್ಟು ಅಳತೆ ನೋಡಿದರು. ಹೆಬ್ಬೆರಳು ಅರ್ಧ ಒಳಗೆ ಹೋಯಿತು. ಬೈಯುತ್ತಾರೆ ಅಂತ ಕಾದೆ. ಅವರ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದರು.

"ಅಲ್ಲಮ್ಮ, ನಾನು ಇರುವೆ ತೂತು ಹುಡುಕ್ಕೊಂಡು ಏಣಿ ಹತ್ತೀನಿ. ನೀನು ಆನೇನೇ ಹಿಡ್ಕೊಂಡು ಕೆಳಗೆ ನಿಂತಿದೀಯಲ್ಲ!" ಆಮೇಲೆ ನಗು ನಿಲ್ಲಿಸಿ, "ತಪ್ಪು ನಂದೂ ಇದೆ. ಎಲ್ಲರಿಗೂ ರಾಗಿ ಕಥೆ ಹೇಳ್ದೆ, ಆ ನಲ್ಲಿಗೆ ಬೀಗ ಹಾಕ್ಲಿಲ್ಲ. ನಾಳೆಯಿಂದ ಪೊರಕೆ. ಯಾರ ಹತ್ರನೂ ಬಾಯಿ ಬಿಡ್ಬೇಡ," ಅಂದರು.

ಮಾರನೆಯ ದಿನ ನಾನು ಕಡ್ಡಿಪೊರಕೆ ಹಿಡಿದು ಮೊಣಕಾಲೂರಿ ಸಂದಿಗಳನ್ನು ಗುಡಿಸಿದೆ. ಮೂರೂವರೆ ಆಯಿತು. ನಾಲ್ಕಾಯಿತು. ಓನರ್ ತಾವೇ ಬಂದು ಮೀಟರಿನ ಮುಂದೆ ನಿಂತರು. ಮುಳ್ಳು ಅಲ್ಲಾಡಲಿಲ್ಲ. ನಾಲ್ಕೂವರೆಗೆ ಓನರ್ ಅಣ್ಣನ ಕಡೆ ತಿರುಗಿದರು.

"ಎಲ್ಲಿತ್ರೀ ಸೋರಿಕೆ?"

ಅಣ್ಣ ಎಡಗಿವಿಯನ್ನು ಮುಂದೆ ಮಾಡಿದರು. "ಆಂ ಸಾರ್?"

"ಸೋರಿಕೆ ಎಲ್ಲಿ ಸಿಕ್ತು ಅಂದೆ!"

"ಹೌದು ಸಾರ್, ಸರಿ ಹೋಯ್ತು."

"ಅಯ್ಯೋ, ಎಲ್ಲಿತ್ತು, ಯಾರು ಮಾಡಿದ್ದು ಅಂತ ಕೇಳ್ತಿದೀನಿ ಕಣ್ರೀ!"

"ಆ ಮೂಲೆ ನಲ್ಲೀದು ಸಾರ್. ಬೀಗ ಹಾಕಿದೀನಿ. ಇನ್ಮೇಲೆ ಬರಲ್ಲ."

ಓನರ್ ಕೈ ಚೆಲ್ಲಿ ನಕ್ಕು ಹೊರಟುಹೋದರು. ನಾನು ಪೊರಕೆ ಹಿಡಿದು ಎರಡು ಮಾರು ದೂರದಲ್ಲಿದ್ದೆ. ಅಣ್ಣ ನನ್ನ ಕಡೆ ನೋಡಲೂ ಇಲ್ಲ.

ತಿಂಗಳು ಮುಗಿಯಿತು. ಬೆಂಚು ಉಳಿಯಿತು. ಮುಂದಿನ ವರ್ಷ ಒಂಬತ್ತನೇ ಸ್ಟೂಲು ಬಂತು, ನಾನು ಕೂತೆ. ವಾರಕ್ಕೊಮ್ಮೆ ಊಟದ ಬಿಡುವಿನಲ್ಲಿ ಅಂಟುವಾಳದ ನೊರೆ, ಸೀರೆ ಅಂಚಿನ ಚಿಂದಿ ಹಿಡಿದು ಅಣ್ಣನ ಹಿಂದೆ ಗೋಡೆ ಸುತ್ತುವ ಕೆಲಸವೂ ನನ್ನದೇ ಆಯಿತು. ಚಿಂದಿ ಕಟ್ಟಿದ ಕಡೆ ಸಂಜೆಯೊಳಗೆ ರಿಪೇರಿ ಆಗಲೇಬೇಕು ಅನ್ನುವುದು ನಮ್ಮ ಫ್ಯಾಕ್ಟರಿಯ ಪದ್ಧತಿಯಾಯಿತು. ಸೋರಿಕೆಯ ಸದ್ದು ಪೈಪಿಗೊಂದು ತರಹ ಇರುತ್ತದೆ ಅಂತ ಅವರೇ ನನಗೆ ಹೇಳಿಕೊಟ್ಟರು. ಸಡಿಲ ತಿರುಪಿನದು ಹಾವಿನ ಹಾಗೆ, ಸೀಳಿದ ರಬ್ಬರಿನದು ಮಗು ನಿದ್ದೆಯಲ್ಲಿ ತುಟಿ ಊದಿದ ಹಾಗೆ. ನನಗೆ ಎಂದೂ ಅವರಷ್ಟು ಕೇಳಿಸಲಿಲ್ಲ. "ನಿಂಗೆ ಎರಡು ಕಿವಿ ಇದೆಯಲ್ಲ, ಅದಕ್ಕೇ ಸದರ," ಅನ್ನುತ್ತಿದ್ದರು.

ಎಷ್ಟೋ ವರ್ಷದ ಮೇಲೆ ಸಾಕಮ್ಮ ಕೆಲಸ ಬಿಡುವ ದಿನ ತಡೆಯಲಾರದೆ, "ಅಕ್ಕ, ಅವತ್ತು ನಿನ್ ಬೆರಳು ಕುಯ್ದಿದ್ದು ನಾನು," ಅಂದೆ. ಅವಳು ಬೆರಳನ್ನು ನೋಡಿಕೊಂಡು, "ಗೊತ್ತು ಬಿಡೇ. ನೀನು ಪೊರಕೆ ಹಿಡಿದ ದಿನಾನೇ ಗೊತ್ತಾಯ್ತು," ಅಂದಳು. ಅವಳೂ ಯಾರಿಗೂ ಹೇಳಿರಲಿಲ್ಲ.

ಅಣ್ಣ ವಯಸ್ಸಾಗಿ ಕೆಲಸ ಬಿಟ್ಟ ಮೇಲೆ ಒಂದು ಸಲ ಮತ್ತಿಕೆರೆಯ ಅವರ ಮನೆಗೆ ಹೋಗಿದ್ದೆ. ಆ ಹೊತ್ತಿಗೆ ಬಲಗಿವಿಯೂ ಪೂರ್ತಿ ಹೋಗಿತ್ತು. ಆದರೂ ಅದರಲ್ಲಿ ಹತ್ತಿ ಇತ್ತು. ಈಗ ಬಿಳಿ ಹತ್ತಿ, ಎಣ್ಣೆ ಇಲ್ಲದ್ದು. "ಕೇಳದೇ ಇರೋ ಕಿವಿಗೆ ಯಾಕ್ರೀ ಅಂದ್ರೆ, ಅಭ್ಯಾಸ ಅಂತಾರೆ ಕಣಮ್ಮ," ಅಂದರು ಅವರ ಮನೆಯವರು. ನನ್ನನ್ನು ಕಂಡ ಕೂಡಲೇ ಅಣ್ಣ ಎರಡು ಬೆರಳಲ್ಲಿ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡು ನನ್ನ ಬಾಯಿಯನ್ನೇ ನೋಡುತ್ತಾ ಕೂತರು. "ಬೆಂಚು ನಡೀತಿದೆ ಅಣ್ಣ. ಹನ್ನೆರಡು ಜನ ಆಗಿದೀವಿ," ಅಂತ ಬಿಡಿಸಿ ಬಿಡಿಸಿ ಹೇಳಿದೆ. ಅರ್ಥವಾಯಿತು. "ನಲ್ಲಿ ಬೀಗ?" ಅಂತ ಕೇಳಿದರು. ಸೊಂಟದಿಂದ ಬೀಗದ ಕೈ ತೆಗೆದು ತೋರಿಸಿದೆ. ಅದು ಆಗ ನನ್ನ ಹತ್ತಿರವೇ ಇರುತ್ತಿತ್ತು. ಅವರು ತಲೆದೂಗಿದರು.

ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ಎಲ್ಲ ಕಾರ್ಯವೂ ಮುಗಿದಿತ್ತು. ಮಣ್ಣಿಗೂ ಹೋಗಲಾಗಲಿಲ್ಲ. ಆ ಸ್ಟೂಲಿನ ಮೇಲೆ ಕೂತು ನಾನು ಮಗನನ್ನು ಓದಿಸಿದೆ, ಮದುವೆ ಮಾಡಿದೆ, ಮನೆ ಮೇಲೊಂದು ಮನೆ ಕಟ್ಟಿದೆ. ಅವರಿಗೆ ಒಂದು ಹಿಡಿ ಮಣ್ಣು ಹಾಕಲಿಲ್ಲ ಅನ್ನುವುದು ಮಾತ್ರ ಒಳಗೆ ಕೂತಿತ್ತು.

ಈಗ ಹೇಳುತ್ತೇನೆ. ನನ್ನ ಮಗನ ಮಗಳು ಡಿಪ್ಲೊಮಾ ಮುಗಿಸಿದಳು. ಅವಳಿಗೆ ಸಿಕ್ಕ ಕೆಲಸ ಏನು ಗೊತ್ತೇ? ಫ್ಯಾಕ್ಟರಿ ಫ್ಯಾಕ್ಟರಿಗೆ ಹೋಗಿ ಗಾಳಿ ಎಲ್ಲಿ ಸೋರುತ್ತಿದೆ ಅಂತ ಹುಡುಕುವುದು! ಅದಕ್ಕೂ ಒಂದು ಕೆಲಸ, ಅದಕ್ಕೂ ಒಂದು ಸಂಬಳ! ಮೊದಲ ವಾರವೇ ಪೀಣ್ಯಕ್ಕೆ ಹೋಗಿ ಬಂದು, ಚಪ್ಪಲಿ ಬಿಡುತ್ತಾ ಅಂದಳು. "ಅಜ್ಜಿ, ಅಲ್ಲೆಲ್ಲ ಗಾಳಿ ಪುಕ್ಕಟೆ ಅಂದ್ಕೊಂಡಿದಾರೆ ಕಣಜ್ಜಿ. ಏರ್ ಪೈಪಲ್ಲಿ ನೆಲ ಗುಡಿಸ್ತಾರೆ, ನಂಬ್ತೀಯಾ?" ನಾನು ನಕ್ಕ ನಗುವಿಗೆ ಸೊಸೆ ಅಡಿಗೆಮನೆಯಿಂದ ಓಡಿ ಬಂದಳು.

ಭಾನುವಾರ ಅಭ್ಯಾಸ ಮಾಡಿಕೊಳ್ಳಲು ಅವಳು ಒಂದು ಯಂತ್ರ ಮನೆಗೆ ತಂದಿದ್ದಳು. ಪಿಸ್ತೂಲಿನ ಹಾಗಿದೆ, ಅದಕ್ಕೆ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು. ಮನುಷ್ಯರ ಕಿವಿಗೆ ಕೇಳದ ಸದ್ದನ್ನು ಅದು ಹಿಡಿದು ಕೇಳುವಂತೆ ಮಾಡುತ್ತದಂತೆ. ಅಂಗಳದಲ್ಲಿ ಅವರಪ್ಪನ ಸ್ಕೂಟರಿನ ಚಕ್ರದ ವಾಲ್ವನ್ನು ಕೂದಲೆಳೆಯಷ್ಟು ಸಡಿಲ ಮಾಡಿ, ಹೆಡ್‌ಫೋನನ್ನು ನನ್ನ ತಲೆಗೆ ಹಾಕಿದಳು. ಮೊದಲು ಏನೂ ಇಲ್ಲ. ಅವಳು ಯಂತ್ರವನ್ನು ಚಕ್ರದ ಕಡೆ ತಿರುಗಿಸಿದಳು.

ಕೇಳಿತು. ಸ್ಸ್ಸ್ ಅಂತ, ಹಾವಿನ ಹಾಗೆ. ಸಡಿಲ ತಿರುಪಿನದು. ಹೆಡ್‌ಫೋನನ್ನು ಎಡಗಿವಿಯಿಂದ ಸರಿಸಿ ಬಲಗಿವಿಯಲ್ಲಿ ಮಾತ್ರ ಇಟ್ಟುಕೊಂಡೆ. ಅಷ್ಟು ವರ್ಷ ಅವರ ಹಿಂದೆ ಹಿಂದೆ ನಡೆದರೂ ನನಗೆ ಸಿಗದೇ ಇದ್ದದ್ದು, ಆ ಮನುಷ್ಯ ಊಟದ ಹೊತ್ತಿನಲ್ಲಿ ಷೆಡ್ಡಿನ ನಡುವೆ ನಿಂತು ಏನು ಕೇಳುತ್ತಿದ್ದರೋ ಅದು.

"ಅಜ್ಜಿ, ಯಾಕಜ್ಜಿ ಅಳ್ತೀಯಾ?"

"ಅಳ್ತಾ ಇಲ್ಲ ಕಣೇ," ಅಂದೆ. "ಮೊದ್ಲು ಆ ವಾಲ್ವ್ ಮುಚ್ಚು, ಗಾಳಿ ಹೋಗ್ತೈತೆ."